ಮುಳ್ಳು ಅಲುಗದ ಲಿಫ್ಟು

ಜಿಯಾಯಿ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ವೆನ್ ಜಿಂಗ್‌ತಾಂಗ್ ಮೇಷ್ಟ್ರು ಒಳ್ಳೆಯವರು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅವರು ತಿಂದ ಊಟ ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ ಮಾತ್ರ. ವಯಸ್ಸು ಮೂವತ್ತೈದು ದಾಟಿತ್ತು. ನೋಡಿದರೆ ಬಟ್ಟೆ ಒಣಹಾಕುವ ಬಿದಿರಿನ ಗಳುವಿಗೆ ಯಾರೋ ಅಂಗಿ ತೊಡಿಸಿ, ಮೇಲೊಂದು ಕನ್ನಡಕ ಸಿಕ್ಕಿಸಿದ ಹಾಗೆ ಕಾಣುತ್ತಿದ್ದರು. ಚಂಡಮಾರುತ ಬರುತ್ತದೆಂದು ರೇಡಿಯೋದಲ್ಲಿ ಹೇಳಿದ ದಿನ ಅವರ ಅಮ್ಮ ಕಿಟಕಿಗಳಿಗೆ ಹಲಗೆ ಹೊಡೆಸುವ ಮೊದಲು ಮಗನನ್ನು ಮನೆಯೊಳಗೆ ಕರೆದು ಕೂರಿಸುತ್ತಿದ್ದರು.

ಅಮ್ಮನಿಗೂ, ಅವರು ಮುದ್ದಿಗೆ ಆತಾಂಗ್ ಎನ್ನುತ್ತಿದ್ದ ಮಗನಿಗೂ ದಿನಾ ಒಂದೇ ಜಗಳ.

"ತೂಕ ಎಷ್ಟಾಯ್ತೋ, ಆತಾಂಗ್?"

"ತೂಕ ಅಲ್ಲಮ್ಮ, ದ್ರವ್ಯರಾಶಿ ಅನ್ನು. ನಲವತ್ತೆಂಟು ಕಿಲೋ ಅನ್ನೋದು ನನ್ನ ದ್ರವ್ಯರಾಶಿ. ತೂಕ ಅಂದ್ರೆ ಭೂಮಿ ನನ್ನನ್ನ ಎಳ್ಕೊಳ್ಳೋ ಬಲ."

"ಎಳ್ಕೊಳ್ಳೋಕೆ ನಿನ್ನ ಮೈಯಲ್ಲಿ ಏನಿದೆ ಅಂತ ಭೂಮಿ ಎಳೀಬೇಕು? ಬಾಯಿ ಮುಚ್ಕೊಂಡು ಸೂಪು ಕುಡಿ."

ಬಾಯಿ ಮುಚ್ಚಿಕೊಂಡು ಸೂಪು ಕುಡಿಯುವುದು ಹೇಗೆಂದು ಕೇಳುವ ಆಸೆ ಮೇಷ್ಟ್ರಿಗೆ ಪ್ರತಿಸಲ ಆಗುತ್ತಿತ್ತು. ಕೇಳುತ್ತಿರಲಿಲ್ಲ. ಅಷ್ಟು ಬುದ್ಧಿ ಅವರಿಗಿತ್ತು.

ಹೊರಗೆ ಮಾತ್ರ ಆ ಬುದ್ಧಿ ಕೈಕೊಡುತ್ತಿತ್ತು. ಸಂತೆಯಲ್ಲಿ ಹಂದಿಮಾಂಸ ಮಾರುವ ಆಹ್ವಾತ್‌ನ ಅಂಗಡಿಯ ಮುಂದೆ, ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರೂ, ಇವರ ಪಾಠ ನಡೆಯುತ್ತಿತ್ತು. "ಈ ಮಾಂಸಾನ ಚಂದ್ರನ ಮೇಲೆ ತಗೊಂಡುಹೋದ್ರೆ ತೂಕ ಆರರಲ್ಲೊಂದು ಪಾಲಾಗುತ್ತೆ. ಆದ್ರೆ ತಿಂದೋನ ಹೊಟ್ಟೆ ಇಲ್ಲಿ ತುಂಬಿದಷ್ಟೇ ತುಂಬುತ್ತೆ. ಯಾಕೆ ಹೇಳು? ದ್ರವ್ಯರಾಶಿ ಎಲ್ಲಿ ಹೋದ್ರೂ ಅಷ್ಟೇ."

ಆಹ್ವಾತ್ ಕತ್ತಿ ಮಸೆಯುತ್ತಾ, "ಅಯ್ಯೋ ಮೇಷ್ಟ್ರೇ, ಹಾಗಾದ್ರೆ ಅಲ್ಲಿ ಅಂಗಡಿ ಇಟ್ಟೋನು ಮುಳುಗಿಹೋದ ಅನ್ನಿ!" ಎಂದ.

"ಸ್ಪ್ರಿಂಗ್ ತಕ್ಕಡಿ ಇಟ್ರೆ ಮುಳುಗ್ತಾನೆ. ನಿಂದು ಕೋಲು ತಕ್ಕಡಿ, ಆ ಕಡೆ ಮಾಂಸ, ಈ ಕಡೆ ಗುಂಡು. ಚಂದ್ರ ಎರಡನ್ನೂ ಕಮ್ಮಿ ಎಳೀತಾನೆ. ಲೆಕ್ಕ ಸಮ ಆಗುತ್ತೆ."

"ನಮ್ಮಪ್ಪ ಈ ತಕ್ಕಡಿ ಬಿಡ್ಬೇಡ ಅಂತ ಸಾಯೋವಾಗ ಹೇಳಿದ್ದು ಇದಕ್ಕೇ ಇರ್ಬೇಕು!" ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಸಾಲಿನಲ್ಲಿದ್ದವರು ನಕ್ಕರು. ಮೇಷ್ಟ್ರು ಪಾಠ ಅರ್ಥವಾಯಿತೆಂದುಕೊಂಡು ಖುಷಿಯಿಂದ ಮನೆಗೆ ಹೋದರು.

ಹುಡುಗಿಯರಿಗೆ ಅರ್ಥ ಮಾಡಿಸುವುದು ಆಹ್ವಾತ್‌ಗೆ ಮಾಡಿಸಿದಷ್ಟು ಸುಲಭವಿರಲಿಲ್ಲ. ವಸ್ತುವಿನ ಮೇಲೆ ಆ ಕಡೆಯಿಂದ ಈ ಕಡೆಯಿಂದ ಬೀಳುವ ಬಲಗಳನ್ನೆಲ್ಲ ಕೂಡಿ ಕಳೆದು ಉಳಿಯುವುದು ನಿವ್ವಳ ಬಲ, ಅದು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮ ಎಂದು ಬೋರ್ಡಿನ ಮೇಲೆ ಬರೆದರೆ ಹುಡುಗಿಯರು ಚೆನ್ನಾಗಿಯೇ ಬರೆದುಕೊಳ್ಳುತ್ತಿದ್ದರು. ನಂಬುತ್ತಿರಲಿಲ್ಲ, ಅಷ್ಟೇ. ಒಂದು ದಿನ ಗು ಮೇಯ್‌ಲಿನ್ ಎಂಬ ಹುಡುಗಿ ಎದ್ದು ನಿಂತಳು. ಅವಳು ಮೈಯಲ್ಲೂ ಬಾಯಲ್ಲೂ ತರಗತಿಯಲ್ಲೇ ದೊಡ್ಡವಳು.

"ಮೇಷ್ಟ್ರೇ, ಲಿಫ್ಟು ಮೇಲಕ್ಕೆ ಹೊರಟಾಗ ನಾವು ಭಾರ ಆಗ್ತೀವಿ ಅಂತೀರಿ. ನಾನು ಸ್ಟೋರಿನ ಲಿಫ್ಟಲ್ಲಿ ಎಷ್ಟು ಸಲ ಹೋಗಿದೀನೋ! ಏನೂ ಆಗಿಲ್ಲ. ಐಸ್ ತಿಂದು ಇಳಿದು ಬಂದಿದೀನಿ."

"ನಿನಗೆ ಗೊತ್ತಾಗಿಲ್ಲ."

"ನನ್ನ ಭಾರ ನನಗೆ ಗೊತ್ತಾಗಲ್ವಾ ಮೇಷ್ಟ್ರೇ? ಮನೇಲಿ ದಿನಾ ಹೇಳ್ತಾರೆ."

ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಕಿವಿ ಕೆಂಪಾಯಿತು. "ಸರಿ, ತೂಗಿಯೇ ತೋರಿಸ್ತೀನಿ" ಎಂದುಬಿಟ್ಟರು.

ಆಗ ಪೇಟೆಯ ಬೀದಿಯಲ್ಲಿ ಐದಂತಸ್ತಿನ ಡಿಪಾರ್ಟ್‌ಮೆಂಟ್ ಸ್ಟೋರೊಂದು ಇತ್ತು. ಊರಿನವರಿಗೆ ಲಿಫ್ಟೆಂದರೆ ಅದರ ಲಿಫ್ಟೇ. ಅದು ಗುಂಡಿ ಒತ್ತುವ ಲಿಫ್ಟಲ್ಲ. ಹಿತ್ತಾಳೆಯ ಹಿಡಿಯನ್ನು ಒಂದು ಕಡೆ ತಳ್ಳಿದರೆ ಮೇಲೆ, ಇನ್ನೊಂದು ಕಡೆ ತಳ್ಳಿದರೆ ಕೆಳಗೆ. ಎಷ್ಟು ತಳ್ಳಿದರೆ ಅಷ್ಟು ಜೋರು. ಆ ಹಿಡಿಯನ್ನು ನೋಡಿಕೊಳ್ಳುತ್ತಿದ್ದವಳು ಲಾನ್ ಬಿಶ್ಯಾ. ಬಿಳಿ ಕೈಗವಸು, ಓರೆಯಾಗಿಟ್ಟ ನೀಲಿ ಟೋಪಿ, ಗಿರಾಕಿಗಳಿಗೆಂದು ಕಂಪನಿ ಕಲಿಸಿದ ನಗು. ಆ ನಗುವಿನ ಹಿಂದೆ ಅವಳದೇ ಒಂದು ನಗು ಬೇರೆ ಇತ್ತು. ಐದನೇ ಮಹಡಿಯ ಊಟದಂಗಡಿಯಿಂದ ಮುದುಕಿಯರು ತುಂಬಿದ ಸೂಪಿನ ಬಟ್ಟಲು ಹಿಡಿದು ಅವಳ ಲಿಫ್ಟಿನಲ್ಲಿ ಇಳಿಯುತ್ತಿದ್ದರು. ಒಂದು ಹನಿ ಚೆಲ್ಲುತ್ತಿರಲಿಲ್ಲ. ಹೊರಟದ್ದೇ ತಿಳಿಯದೆ, "ಇನ್ನೂ ಹೊರಟಿಲ್ವೇನಮ್ಮ?" ಎಂದು ಕೇಳಿದವರಿಗೆ "ಬಂದಾಯ್ತು ಅಜ್ಜಿ, ಇಳೀರಿ" ಅನ್ನುವುದೇ ಅವಳ ದೊಡ್ಡ ಸಂತೋಷ.

ಭಾನುವಾರ ವೆನ್ ಮೇಷ್ಟ್ರು ಬಟ್ಟೆಯಲ್ಲಿ ಸುತ್ತಿದ ಚಪ್ಪಟೆ ಗಂಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಲಿಫ್ಟಿನೊಳಗೆ ಬಂದರು.

"ಯಾವ ಮಹಡಿ ಸರ್?"

"ಯಾವುದಾದ್ರೂ ಆಗ್ಬಹುದು. ನನಗೆ ಬೇಕಾಗಿರೋದು ಹೊರಡೋದು, ಆಮೇಲೆ ನಿಲ್ಲೋದು."

"ತಲುಪೋದು ಬೇಡ್ವಾ?"

"ಬೇಡ."

"ಇಲ್ಲೀವರೆಗೂ ಎಲ್ರೂ ತಲುಪೋಕೇ ಬಂದಿದಾರೆ" ಎಂದು ಬಿಶ್ಯಾ ಬಾಗಿಲು ಎಳೆದಳು.

ಮೇಷ್ಟ್ರು ಗಂಟು ಬಿಚ್ಚಿದರು. ಒಳಗಿದ್ದದ್ದು ಸ್ನಾನದ ಮನೆಯಲ್ಲಿಡುವ ತೂಕದ ಯಂತ್ರ. ಅದನ್ನು ನೆಲಕ್ಕಿಟ್ಟು, ಬೂಟು ಬಿಚ್ಚಿ, ಮೇಲೆ ನಿಂತರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಮುಳ್ಳು ನಲವತ್ತೆಂಟರ ಮೇಲೆ ನಿಂತಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಿಶ್ಯಾ ಹಿಡಿ ತಳ್ಳಿದಳು. ಮಹಡಿಗಳು ದಾಟಿದವು. ಲಿಫ್ಟು ಐದರಲ್ಲಿ ನಿಂತಿತು. ಮುಳ್ಳು ನಲವತ್ತೆಂಟನ್ನು ಬಿಟ್ಟು ಕದಲಲಿಲ್ಲ.

"ಏನಾದ್ರೂ ಬಿದ್ದುಹೋಯ್ತಾ ಸರ್?"

"ಮುಳ್ಳು ಅಲುಗಲೇ ಇಲ್ಲ!"

"ಯಾಕೆ ಅಲುಗ್ಬೇಕು?"

ಯಾಕೆ ಎಂದು ಕೇಳಿದವರನ್ನು ವೆನ್ ಮೇಷ್ಟ್ರು ಸುಮ್ಮನೆ ಬಿಟ್ಟ ಉದಾಹರಣೆಯಿಲ್ಲ. "ನೋಡಿ, ಭೂಮಿ ನನ್ನನ್ನ ಕೆಳಕ್ಕೆ ಎಳೀತಿದೆ. ನಿಮ್ಮ ಲಿಫ್ಟಿನ ನೆಲ ನನ್ನನ್ನ ಮೇಲಕ್ಕೆ ತಳ್ತಿದೆ. ನಿಂತಿದ್ದಾಗ ಎರಡೂ ಸಮ. ಮೇಲಕ್ಕೆ ಹೊರಡ್ಬೇಕು ಅಂದ್ರೆ ನೆಲ ಒಂಚೂರು ಜಾಸ್ತಿ ತಳ್ಬೇಕು. ಆ ಜಾಸ್ತಿ ಇದ್ಯಲ್ಲ, ಅದೇ ನಿವ್ವಳ ಬಲ. ಅದಿದ್ರೇನೇ ವೇಗ ಏರೋದು. ವೇಗ ಬೇಗ ಏರ್ಬೇಕು ಅಂದ್ರೆ ಇನ್ನೂ ಜಾಸ್ತಿ ತಳ್ಬೇಕು. ಮನುಷ್ಯ ದಪ್ಪ ಇದ್ರೆ ಅದಕ್ಕಿಂತಲೂ ಜಾಸ್ತಿ."

ಬಿಶ್ಯಾ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗೇನೂ ಅಂಥ ಕಷ್ಟಪಡ್ಬೇಕಾಗಿಲ್ಲ ಬಿಡಿ" ಎಂದಳು.

"ಕಾರಣ ಗೊತ್ತಾಯ್ತು. ನೀವು ತುಂಬಾ ಮೆತ್ತಗೆ ಹೊರಡಿಸ್ತೀರಿ. ವೇಗ ಇಷ್ಟಿಷ್ಟೇ ಏರುತ್ತೆ. ಅದಕ್ಕೇ ಮುಳ್ಳಿಗೆ ತಿಳಿಯಲ್ಲ."

"ತುಂಬಾ ಥ್ಯಾಂಕ್ಸ್ ಸರ್."

"ನಾನು ಹೊಗಳ್ಲಿಲ್ಲ. ಸ್ವಲ್ಪ ಜರ್ಕು ಕೊಡೋಕಾಗುತ್ತಾ ಅಂತ."

ಕಂಪನಿಯ ನಗು ಬಿಶ್ಯಾಳ ಮುಖದಿಂದ ಇಳಿದುಹೋಯಿತು. "ಜರ್ಕು? ನನ್ನ ಲಿಫ್ಟಲ್ಲಿ? ಇವತ್ತಿನವರೆಗೂ ಒಬ್ಬ ಅಜ್ಜಿಯ ಹಲ್ಲಿನ ಸೆಟ್ಟೂ ಕದಲಿಲ್ಲ ಸರ್ ಇಲ್ಲಿ."

"ನೀವು ತಪ್ಪು ತಿಳೀಬೇಡಿ. ಉದಾಹರಣೆಗೆ, ಈ ಲಿಫ್ಟಿನ ಹಗ್ಗ ಕಡಿದುಹೋಯ್ತು ಅಂತ ಇಟ್ಕೊಳ್ಳಿ. ಆಗ ಮುಳ್ಳು ನೇರ ಸೊನ್ನೆಗೆ..."

"ಥೂ! ಥೂ! ಥೂ!" ಬಿಶ್ಯಾ ಮೂರು ಸಲ ನೆಲದ ಕಡೆ ಉಗಿದಂತೆ ಮಾಡಿ ಬಾಗಿಲು ತೆರೆದಳು. "ಬಾಯಿಗೆ ಬಂದದ್ದು ಆಡ್ತೀರಲ್ಲ! ಇಳೀರಿ ಮೊದಲು. ಬೂಟು ಹೊರಗೆ ಹಾಕ್ಕೊಳ್ಳಿ."

ಮುಂದಿನ ಭಾನುವಾರ ಮೇಷ್ಟ್ರು ಮತ್ತೆ ಬಂದರು. ಅದರ ಮುಂದಿನ ಭಾನುವಾರವೂ ಬಂದರು. ಸ್ಪ್ರಿಂಗ್ ತಕ್ಕಡಿಗೆ ಸೀಬೆಹಣ್ಣು ಕಟ್ಟಿ ತೂಗಿಬಿಟ್ಟು ನೋಡಿದರು. ಮೇಲೆ ಹೋಗುವಾಗ ಆಗದ್ದು ಕೆಳಗೆ ಬರುವಾಗ ಆದೀತೆಂದು ನೋಡಿದರು. ಅಂಗಡಿಗೆ ಬಂದಿದ್ದ ಭಾರಿ ಹೆಂಗಸೊಬ್ಬರನ್ನು "ನೀವು ಒಂದು ಸಲ ಇದರ ಮೇಲೆ ನಿಲ್ತೀರಾ?" ಎಂದು ಕೇಳಿ ಛತ್ರಿಯಿಂದ ಪೆಟ್ಟು ತಿನ್ನುವುದರಲ್ಲಿದ್ದರು. ಕೊನೆಗೆ ಒಂದು ಡಬ್ಬಿ ಅನಾನಸ್ ಕೇಕು ತಂದು ಬಿಶ್ಯಾಳ ಮುಂದಿಟ್ಟರು. ಅವಳು ತಿಂದಳು, ಬೆರಳು ಒರೆಸಿಕೊಂಡಳು, ಕೈಗವಸು ಹಾಕಿಕೊಂಡಳು, ಎಂದಿಗಿಂತ ಮೆತ್ತಗೆ ಲಿಫ್ಟು ಏರಿಸಿದಳು.

"ಲಂಚ ತಿಂದೂ ಹೀಗೆ ಮಾಡೋದಾ?" ಮೇಷ್ಟ್ರು ಕೇಳಿದರು.

"ಕೇಕು ಮೆತ್ತಗಿತ್ತು ಮೇಷ್ಟ್ರೇ. ಕೈಗೂ ಅದೇ ಗುಣ ಬಂತು."

ಈ ಹೊತ್ತಿಗೆ 'ಸರ್' ಹೋಗಿ 'ಮೇಷ್ಟ್ರೇ' ಬಂದಿತ್ತು. ಮೇಷ್ಟ್ರು ಭಾನುವಾರದ ಬೆಳಿಗ್ಗೆ ಕ್ಷೌರ ಮಾಡಿಸಿಕೊಳ್ಳುವುದನ್ನೂ ಶುರುಮಾಡಿದ್ದರು. ಕೂದಲು ಮುಂದೆ ಬಿದ್ದರೆ ಮುಳ್ಳು ಕಾಣುವುದಿಲ್ಲ ಎಂಬುದು ಅವರು ತಮಗೆ ತಾವೇ ಕೊಟ್ಟುಕೊಂಡ ಕಾರಣ.

ಅತ್ತ ಹುಡುಗಿಯರು ಬಿಡಲಿಲ್ಲ. "ಯಾವಾಗ ಮೇಷ್ಟ್ರೇ ತೋರಿಸೋದು?" ಎಂದು ಮೇಯ್‌ಲಿನ್ ದಿನಾ ಚುಚ್ಚುತ್ತಿದ್ದಳು. ತಡೆಯಲಾರದೆ ಒಂದು ಭಾನುವಾರ ಅರ್ಧ ತರಗತಿಯನ್ನೇ ಕರೆದುಕೊಂಡು ಬಂದರು. ಬಿಶ್ಯಾಳಿಗೆ ಮುಂಚೆ ತಿಳಿಸಿರಲಿಲ್ಲ. ಅಂದು ಲಿಫ್ಟಿನಲ್ಲಿ ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡ ಬಾಣಂತಿಯೊಬ್ಬಳಿದ್ದಳು. ಕೂಸು ನಿದ್ದೆ ಮಾಡುತ್ತಿತ್ತು. ಬಿಶ್ಯಾ ಕೂಸನ್ನು ನೋಡಿ ಹಿಡಿಯನ್ನು ಬೆಣ್ಣೆಯ ಮೇಲೆ ಎಳೆದಂತೆ ಎಳೆದಳು. ಹುಡುಗಿಯರು ತೂಕದ ಯಂತ್ರದ ಸುತ್ತ ಬಗ್ಗಿ ನೋಡಿದ್ದೇ ಬಂತು.

"ಮೇಷ್ಟ್ರೇ, ನಿವ್ವಳ ಬಲಕ್ಕೆ ಇವತ್ತು ಭಾನುವಾರದ ರಜಾ ಇರ್ಬೇಕು" ಎಂದಳು ಮೇಯ್‌ಲಿನ್.

ಎಲ್ಲರೂ ಕಿಸಕ್ಕೆಂದರು. ಮೇಷ್ಟ್ರೂ ನಗಲು ನೋಡಿದರು, ಆಗಲಿಲ್ಲ. ಐದನೇ ಮಹಡಿಯಲ್ಲಿ ಹುಡುಗಿಯರನ್ನು ಐಸ್ ತಿನ್ನಲು ಬಿಟ್ಟು, ಲಿಫ್ಟು ಹತ್ತದೆ, ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದು ಹೋದರು. ಸಂತೆಯಲ್ಲಿ ಮಾರಾಟವಾಗದ ಬಾತುಕೋಳಿಯನ್ನು ಮನೆಗೆ ವಾಪಸು ಒಯ್ಯುವವನ ನಡಿಗೆ ಅದು. ಬಾಗಿಲ ಜಾಲರಿಯಿಂದ ಬಿಶ್ಯಾ ಅದನ್ನು ನೋಡಿದಳು. ಅವತ್ತು, ಹೊರಟದ್ದೇ ತಿಳಿಯಲಿಲ್ಲವೆಂದು ಗಿರಾಕಿಗಳು ಹೊಗಳಿದರೂ ಅವಳಿಗೆ ರುಚಿಸಲಿಲ್ಲ. ಐಸ್ ಮುಗಿಸಿ ಇಳಿಯಲು ಬಂದ ಮೇಯ್‌ಲಿನ್‌ಳನ್ನು ತಡೆದು, "ನಿಮ್ಮ ಮೇಷ್ಟ್ರಿಗೆ ಹೇಳು. ನಾಡಿದ್ದು ಬೆಳಿಗ್ಗೆ ಸ್ಟೋರು ತೆಗೆಯೋಕೆ ಮುಂಚೆ ಎಲ್ರೂ ಬನ್ನಿ. ಹಿಂದಿನ ಬಾಗಿಲಿಂದ. ಹೊಟ್ಟೆ ತುಂಬಾ ತಿಂದ್ಕೊಂಡು ಬರ್ಬೇಡಿ" ಎಂದಳು.

ಆ ಬೆಳಿಗ್ಗೆ ಸ್ಟೋರಿನಲ್ಲಿ ನೆಲ ಒರೆಸುವವರು ಬಿಟ್ಟರೆ ಯಾರೂ ಇರಲಿಲ್ಲ. ಮೇಷ್ಟ್ರು ಯಂತ್ರದ ಮೇಲೆ ನಿಂತರು. ಒಳಗೆ ಹಿಡಿಸುವಷ್ಟು ಹುಡುಗಿಯರು ಗೋಡೆಗೆ ಒತ್ತಿಕೊಂಡರು.

"ಎಲ್ರೂ ಕೇಳಿ. ಇವತ್ತೊಂದು ದಿನ ನಾನು ಕೆಟ್ಟ ಕೆಲಸದೋಳು. ಇದನ್ನ ಹೊರಗೆ ಯಾರಾದ್ರೂ ಬಾಯಿಬಿಟ್ರೆ ನೋಡಿ! ಮೇಷ್ಟ್ರೇ, ಏನಾದ್ರೂ ಹಿಡ್ಕೊಳ್ಳಿ."

"ಹಿಡ್ಕೊಂಡ್ರೆ ಮುಳ್ಳು ಸರಿಯಾಗಿ ತೋರಿಸಲ್ಲ."

"ನಿಮ್ಮಿಷ್ಟ" ಎಂದು ಬಿಶ್ಯಾ ಹಿಡಿಯನ್ನು ಒಂದೇ ಏಟಿಗೆ ಕೊನೆಯವರೆಗೂ ತಳ್ಳಿದಳು.

ಲಿಫ್ಟು ಬೆಚ್ಚಿಬಿದ್ದ ಎಮ್ಮೆಯ ಹಾಗೆ ಎದ್ದಿತು. ಹುಡುಗಿಯರು ಕಿಟಾರೆಂದು ಕಿರುಚಿದರು. ಮೇಷ್ಟ್ರ ಮೊಣಕಾಲು ಮಡಿಚಿತು, ಆದರೂ ಕಣ್ಣು ಮುಳ್ಳನ್ನು ಬಿಡಲಿಲ್ಲ. "ಐವತ್ತಾರು! ಐವತ್ತಾರು!" ಎಂದು ಕೂಗಿದರು. ಮರುಗಳಿಗೆ ಮುಳ್ಳು ಹಿಂದಕ್ಕೆ ಜಾರಿ ತನ್ನ ಹಳೆಯ ಜಾಗದಲ್ಲಿ ಕೂತಿತು.

"ಇದೇನಿದು, ಇನ್ನೂ ಮೇಲೆ ಹೋಗ್ತಾನೇ ಇದೀವಿ! ಮುಳ್ಳು ಯಾಕೆ ವಾಪಸ್ ಬಂತು?" ಒಬ್ಬಳು ಕೇಳಿದಳು.

"ಹಾಂ! ಅದನ್ನ ಕೇಳು!" ಮೇಷ್ಟ್ರಿಗೆ ಹಬ್ಬವಾಗಿತ್ತು. "ವೇಗ ಇದೆ, ವೇಗೋತ್ಕರ್ಷ ಇಲ್ಲ. ವೇಗ ಏರ್ತಾನೂ ಇಲ್ಲ, ಇಳೀತಾನೂ ಇಲ್ಲ. ತಳ್ಳೋದೂ ಎಳೆಯೋದೂ ಸಮಸಮ. ನಿವ್ವಳ ಸೊನ್ನೆ! ಹೋಗ್ತಾ ಇರೋದಕ್ಕೆ ಬಲ ಬೇಡ ಕಣ್ರೇ, ಬದಲಾಗೋದಕ್ಕೆ ಬೇಕು. ನಿಲ್ಲುವಾಗ ನೋಡಿ ಈಗ..."

ನಿಲ್ಲುವಾಗ ಅವರು ನೋಡಲಿಲ್ಲ. ಬಿಶ್ಯಾ ಅಷ್ಟೇ ಮುಲಾಜಿಲ್ಲದೆ ನಿಲ್ಲಿಸಿದಳು. ಮುಳ್ಳು ನಲವತ್ತಕ್ಕೆ ಕುಸಿಯಿತು. ಮೇಷ್ಟ್ರು ಹಗುರಾಗಿ ತೇಲಿದಂತಾಗಿ, ಮುಗ್ಗರಿಸಿ, ಬೀಳದಿರಲು ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಬಿಶ್ಯಾಳ ಟೋಪಿ. ಟೋಪಿಯ ಸಮೇತ ಕೆಳಗೆ ಕೂತರು.

ಆಮೇಲೆ ಒಬ್ಬೊಬ್ಬರದೂ ಸರದಿ. ಮೇಯ್‌ಲಿನ್ ನಿಂತಾಗ ಮುಳ್ಳು ಮೇಷ್ಟ್ರಿಗೆ ಹಾರಿದ್ದಕ್ಕಿಂತ ಜೋರಾಗಿ ಹಾರಿತು.

"ನನಗೆ ಮಾತ್ರ ಯಾಕೆ ಇಷ್ಟು?"

"ಜರ್ಕು ಅದೇ, ದ್ರವ್ಯರಾಶಿ ಜಾಸ್ತಿ. ಅದೇ ವೇಗೋತ್ಕರ್ಷ ಕೊಡೋಕೆ ನಿನಗೆ ಬಲ ಜಾಸ್ತಿ ಬೇಕು" ಎಂದರು ಮೇಷ್ಟ್ರು.

"ಇದನ್ನ ಎಲ್ರ ಮುಂದೆ ಹೇಳ್ಬೇಕಿತ್ತಾ ಮೇಷ್ಟ್ರೇ?"

"ನೀನೇ ಅಲ್ವೇನೇ ಕೇಳಿದ್ದು!" ಎಂದು ಬಿಶ್ಯಾ ನಕ್ಕು ಬಾಗಿಲು ತೆರೆದಳು. ಬಾಗಿಲ ಆಚೆ ಮ್ಯಾನೇಜರ್ ಶ್ಯಾವ್ ನಿಂತಿದ್ದರು. ಕಿರುಚಾಟ ಕೇಳಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆಂದು ಓಡಿಬಂದಿದ್ದರು. ಅವರ ಕಣ್ಣಿಗೆ ಬಿದ್ದದ್ದು ಯೂನಿಫಾರ್ಮಿನ ಹುಡುಗಿಯರು, ಟೋಪಿಯಿಲ್ಲದ ಲಿಫ್ಟಿನವಳು, ಆ ಟೋಪಿಯನ್ನು ಎದೆಗೊತ್ತಿಕೊಂಡು ಬರಿಗಾಲಲ್ಲಿ ನಿಂತ ಮೇಷ್ಟ್ರು.

ಮರುದಿನ ಬಿಶ್ಯಾಳನ್ನು ನೆಲಮಹಡಿಯ ಕಾಲುಚೀಲದ ಕೌಂಟರಿಗೆ ಹಾಕಿದರು. ಒಂದು ವಾರದ ಮಟ್ಟಿಗೆ ಬುದ್ಧಿ ಕಲಿಸಿ ವಾಪಸು ಕರೆಯೋಣ ಎಂದೇ ಮ್ಯಾನೇಜರ್ ಅಂದುಕೊಂಡಿದ್ದರು. ಅಷ್ಟರಲ್ಲಿ ವೆನ್ ಮೇಷ್ಟ್ರು ಅವಳ ಪರ ವಾದಿಸಲು ಅವರ ಕೋಣೆಗೆ ಹೋದರು.

"ತಪ್ಪು ನಂದು ಸರ್. ಅವರದಲ್ಲ. ಅವರು ಎಷ್ಟು ಒಳ್ಳೇ ಕೆಲಸದವರು ಅಂದ್ರೆ, ಅಂಥಾ ಜರ್ಕನ್ನ ನಾನು ನೋಡಿಯೇ ಇಲ್ಲ. ಎಂಟು ಕಿಲೋ ಏರಿತು! ಪ್ರತಿಸಲ ಅದೇ ಜರ್ಕು, ಸ್ವಲ್ಪವೂ ಹೆಚ್ಚುಕಮ್ಮಿ ಇಲ್ಲ!"

"ಪ್ರತಿಸಲ ಅಂದ್ರೆ?" ಮ್ಯಾನೇಜರ್ ತಣ್ಣಗೆ ಕೇಳಿದರು. "ನಾನು ಒಂದೇ ಸಲ ಅಂದುಕೊಂಡಿದ್ದೆ."

ಮೇಷ್ಟ್ರು ಕೋಣೆಯಿಂದ ಹೊರಬರುವ ಹೊತ್ತಿಗೆ ಒಂದು ವಾರದ ಶಿಕ್ಷೆ ಗಡುವಿಲ್ಲದ ಶಿಕ್ಷೆಯಾಗಿತ್ತು.

ಲಿಫ್ಟಿಗೆ ಮ್ಯಾನೇಜರ ಹೆಂಡತಿಯ ಸೋದರಳಿಯ ಬಂದ. ಅವನಿಗೆ ಹಿಡಿಯೆಂದರೆ ಬಾವಿಯ ಪಂಪು. ತಳ್ಳಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಭೌತಶಾಸ್ತ್ರದ ಮೇಷ್ಟ್ರಿಗೆ ಇದಕ್ಕಿಂತ ಭಾಗ್ಯವಿಲ್ಲ. ಯಂತ್ರ ಹಿಡಿದು ಭಾನುವಾರ ಹೋದರು, ನಿಂತರು. ಮುಳ್ಳು ಐವತ್ತೇಳಕ್ಕೆ ನೆಗೆಯಿತು, ಮೂವತ್ತೊಂಬತ್ತಕ್ಕೆ ಬಿತ್ತು, ಮತ್ತೆ ನೆಗೆಯಿತು. ತಿಂಗಳುಗಟ್ಟಲೆ ಬೇಡಿಕೊಂಡಿದ್ದು ಕಾಲಡಿಯಲ್ಲೇ ಕುಣಿಯುತ್ತಿತ್ತು. ಮೇಷ್ಟ್ರಿಗೆ ಏನೂ ಅನ್ನಿಸಲಿಲ್ಲ. ಎರಡನೇ ಮಹಡಿಯಲ್ಲೇ ಇಳಿದು ಮೆಟ್ಟಿಲ ದಾರಿ ಹಿಡಿದು ಕಾಲುಚೀಲದ ಕೌಂಟರಿಗೆ ಬಂದರು.

"ಯಾವ ಸೈಜು ಸರ್?" ಬಿಶ್ಯಾ ತಲೆಯೆತ್ತದೆ ಕೇಳಿದಳು. 'ಸರ್' ವಾಪಸು ಬಂದಿತ್ತು.

"ನನ್ನಿಂದ ಹೀಗಾಯ್ತು."

"ಹೌದು, ನಿಮ್ಮಿಂದಾನೇ. ಬೂದು ಬಣ್ಣ ಇದೆ, ಕಂದು ಇದೆ."

"ನೀವು ಬೈದ್ರೆ ನನಗೆ ಸಮಾಧಾನ."

"ಬೈಗುಳ ಈ ಕೌಂಟರಲ್ಲಿ ಸಿಗಲ್ಲ. ಬೂದೋ ಕಂದೋ?"

ಮೇಷ್ಟ್ರು ಬೂದು ಕೊಂಡರು. ಮುಂದಿನ ವಾರ ಕಂದು. ಅದರ ಮುಂದಿನ ವಾರದಿಂದ ಅವಳು ಒಂದೊಂದೇ ಮಾತು ಜಾಸ್ತಿ ಆಡತೊಡಗಿದಳು. ಲಿಫ್ಟಿನವನನ್ನು ಬೈದಳು, ಪರೀಕ್ಷೆಯಲ್ಲಿ ಹುಡುಗಿಯರು ಹೇಗೆ ಬರೆದರೆಂದು ಕೇಳಿದಳು. ಎಲ್ಲರೂ ಸರಿಯಾಗಿ ಬರೆದಿದ್ದಾರೆ, ಒಬ್ಬಳು ಮಾತ್ರ ನಿವ್ವಳ ಬಲವು ಲಿಫ್ಟಿನವರ ಮನಸ್ಸನ್ನು ಅವಲಂಬಿಸಿದೆ ಎಂದು ಬರೆದಿದ್ದಾಳೆ ಎಂದು ಮೇಷ್ಟ್ರು ಹೇಳಿದಾಗ ಅವಳದೇ ಆದ ಆ ಇನ್ನೊಂದು ನಗು ಹೊರಬಂತು. "ಅವಳಿಗೆ ಮಾರ್ಕ್ಸು ಕೊಟ್ರೋ ಇಲ್ವೋ?" ಎಂದಳು. "ಅರ್ಧ ಕೊಟ್ಟೆ" ಎಂದರು ಮೇಷ್ಟ್ರು, ಇನ್ನೊಂದು ಜೊತೆ ಕಾಲುಚೀಲ ಕಟ್ಟಿಸಿಕೊಳ್ಳುತ್ತಾ.

ಮಳೆಗಾಲಕ್ಕೆ ಮುಂಚೆ ಬಟ್ಟೆ ಬಿಸಿಲಿಗೆ ಹಾಕೋಣವೆಂದು ಅವರ ಅಮ್ಮ ಮಗನ ಪೆಟ್ಟಿಗೆ ತೆಗೆದರು. ಮೇಲಿನಿಂದ ಕೆಳಗಿನವರೆಗೆ ಕಾಲುಚೀಲ.

"ಆತಾಂಗ್, ನಿನಗೆ ಎಷ್ಟು ಕಾಲಿದೆಯೋ?"

"ಎರಡಮ್ಮ."

"ಇಲ್ಲಿ ನೋಡಿದ್ರೆ ಜರಿಹುಳಕ್ಕೆ ಸಾಕಾಗುವಷ್ಟಿದೆ. ಯಾರವಳು?"

"ಯಾರೂ ಇಲ್ಲ. ಅದು ಪ್ರಯೋಗಕ್ಕೆ ಸಂಬಂಧಪಟ್ಟಿದ್ದು."

"ಪ್ರಯೋಗಕ್ಕೆ ಯಾವನೋ ವಾರವಾರ ಕ್ಷೌರ ಮಾಡಿಸ್ಕೊಳ್ಳೋನು? ಊರಿಗೆಲ್ಲ ಗೊತ್ತು. ಆ ಹಂದಿ ಕಡಿಯೋನು ನನಗೆ ಮೂರು ತಿಂಗಳ ಹಿಂದೇನೇ ಹೇಳ್ದ. ಗೊತ್ತಿಲ್ಲದೆ ಇರೋನು ನೀನೊಬ್ಬನೇ."

ಮೇಷ್ಟ್ರು ಮಂಚದ ಮೇಲೆ ಕೂತರು. ಒಂದು ಕಂದು ಕಾಲುಚೀಲ ಕೈಗೆತ್ತಿಕೊಂಡರು. ಅಮ್ಮ ಹೇಳಿದ್ದು ಸುಳ್ಳೆಂದು ತೋರಿಸಲು ಮನಸ್ಸಿನಲ್ಲೇ ಒಂದೊಂದು ಭಾನುವಾರವನ್ನೂ ಎಬ್ಬಿಸಿ ವಿಚಾರಿಸಿದರು. ಒಂದೂ ಅವರ ಪರ ಸಾಕ್ಷಿ ಹೇಳಲಿಲ್ಲ.

ಅಮ್ಮ ಕಾಯುವ ಪೈಕಿಯವರಲ್ಲ. ಮರುದಿನವೇ ಅಂಚಿಗೆ ಪಟ್ಟಿ ಹೊಲಿದ ಹೊಸ ಅಂಗಿ ಹಾಕಿಕೊಂಡು ಸ್ಟೋರಿಗೆ ಹೋದರು. ಮೊದಲು ಲಿಫ್ಟು ಹತ್ತಿದ್ದು ತಪ್ಪಾಯಿತು. ಮೂರನೇ ಮಹಡಿಯಲ್ಲಿ ಮೇಲಿನ ಹಲ್ಲಿನ ಸೆಟ್ಟು ಕಳಚಿ ಕೈಗೆ ಬಂತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನೇರ ಕಾಲುಚೀಲದ ಕೌಂಟರಿಗೆ ಬಂದರು.

"ಲಾನ್ ಬಿಶ್ಯಾ ಅನ್ನೋಳು ನೀನೇನಮ್ಮ?"

"ನಾನೇ ಅಜ್ಜಿ. ಯಾರಿಗೆ ಬೇಕಿತ್ತು? ಗಂಡಸರಿಗೋ ಹೆಂಗಸರಿಗೋ?"

"ಗಂಡಸರ ಕಾಲುಚೀಲ ನಮ್ಮನೇಲಿ ಬೇಕಾದಷ್ಟಿದೆ. ನೀನೇ ಮಾರಿದ್ದು."

ಬಿಶ್ಯಾಳಿಗೆ ತಟ್ಟನೆ ತಿಳಿಯಿತು. ಅವಳೇನೂ ನಾಚಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂರಿಸಿ, ಬಿಸಿನೀರು ತಂದುಕೊಟ್ಟು, ಹಲ್ಲಿನ ಸೆಟ್ಟು ತೊಳೆದುಕೊಟ್ಟು, "ಲಿಫ್ಟಿನ ಆ ಹುಡುಗ ಹೀಗೆ ಮಾಡ್ತಾನೆ ಅಂತ ನಾನು ಹೇಳ್ತಾನೇ ಇದೀನಿ ಅಜ್ಜಿ" ಎಂದಳು. ಅಮ್ಮ ಹಲ್ಲು ಹಾಕಿಕೊಂಡರು. ಹಾಕಿಕೊಂಡ ಮೇಲೆ ಮಾತಿಗೆ ಬಲ ಬಂತು. ಅಲ್ಲಿಂದ ಎದ್ದು ಮ್ಯಾನೇಜರ ಕೋಣೆಗೆ ನುಗ್ಗಿದರು. ಒಳಗೆ ಏನಾಯಿತೋ, ಹೊರಗಿದ್ದವರಿಗೆ ಕೇಳಿಸಿದ್ದು ಇಷ್ಟು: "ನಿನ್ನ ಹೆಂಡತಿಯ ಸೋದರಳಿಯನಿಗೆ ಹಂದಿ ಸಾಗಿಸೋ ಲಾರಿ ಕೊಡಿಸು. ಮುದುಕಿಯರನ್ನ ಆ ಹುಡುಗಿ ಕೈಗೆ ಕೊಡು!" ದಿನಾ ಸೂಪು ಚೆಲ್ಲಿಕೊಂಡು ಸೋತಿದ್ದ ಊಟದಂಗಡಿಯವರೂ ದನಿಗೂಡಿಸಿದರು. ಆ ವಾರದಲ್ಲೇ ಬಿಶ್ಯಾ ನೀಲಿ ಟೋಪಿ ಹಾಕಿಕೊಂಡು ಲಿಫ್ಟಿಗೆ ಮರಳಿದಳು.

ಮ್ಯಾನೇಜರ ಕೋಣೆಯಿಂದ ಮನೆಗೆ ಬಂದ ಅಮ್ಮ ಮಗನಿಗೆ ಹೇಳಿದ್ದು ಇಷ್ಟೇ. "ಹುಡುಗಿ ಕೈ ಮೆತ್ತಗಿದೆ. ನಾಲಿಗೆ ಮೆತ್ತಗಿಲ್ಲ. ನಿನಗೆ ಎರಡೂ ಬೇಕು."

ಭಾನುವಾರ ಮೇಷ್ಟ್ರು ಕಂಕುಳಲ್ಲಿ ಏನೂ ಇಲ್ಲದೆ ಲಿಫ್ಟಿಗೆ ಬಂದರು.

"ಯಾವ ಮಹಡಿ ಮೇಷ್ಟ್ರೇ?"

ಜನ ಹತ್ತಿದರು, ಇಳಿದರು. ಮೇಷ್ಟ್ರು ಮೂಲೆಯಲ್ಲಿ ನಿಂತು ಮೇಲೆ ಹೋದರು, ಕೆಳಗೆ ಬಂದರು, ಮತ್ತೆ ಮೇಲೆ ಹೋದರು. ಕೊನೆಗೆ ಮಕ್ಕಳು ಮರಿ ಸಮೇತ ಒಂದು ಸಂಸಾರವೂ ಇಬ್ಬರು ಮುದುಕಿಯರೂ ತುಂಬಿದ್ದ ಹೊತ್ತಿನಲ್ಲೇ, ಬೇರೆ ಒಳ್ಳೆಯ ಸಮಯವನ್ನೆಲ್ಲ ಬಿಟ್ಟು, ಗಂಟಲು ಸರಿಮಾಡಿಕೊಂಡರು.

"ಮಿಸ್ ಲಾನ್, ಸುಮ್ಮನೆ ಕೂತಿರೋ ವಸ್ತು ಹೊರಗಿನಿಂದ ಬಲ ಬೀಳದೆ ತಾನಾಗೇ ಹೊರಡಲ್ಲ."

"ಗೊತ್ತು. ನಿಮ್ಮಮ್ಮ ಬಂದಿದ್ರು."

ಮುದುಕಿಯರಲ್ಲೊಬ್ಬಳು ಫಕ್ಕನೆ ನಕ್ಕಳು. ಮೇಷ್ಟ್ರು ಬೆವರು ಒರೆಸಿಕೊಂಡು, "ಹಾಗಾದ್ರೆ... ನಿಮ್ಮ ಅಭಿಪ್ರಾಯ?" ಎಂದರು.

"ಐದನೇ ಮಹಡಿ ಬಂತು, ಎಲ್ರೂ ಇಳೀರಿ" ಎಂದಳು ಬಿಶ್ಯಾ. ಎಲ್ಲರೂ ಇಳಿದರು, ಮೇಷ್ಟ್ರೂ ಇಳಿಯಹೊರಟರು. "ನೀವೆಲ್ಲಿಗೆ? ನನ್ನ ಡ್ಯೂಟಿ ಆರಕ್ಕೆ ಮುಗಿಯುತ್ತೆ. ಪೇಟೆ ಕಾರಂಜಿ ಹತ್ರ ಇರೋ ಅಂಗಡೀಲಿ ಟರ್ಕಿ ಕೋಳಿ ಅನ್ನ ತಿನ್ನೋಣ. ನಿಮಗೆ ಎರಡು ಬಟ್ಟಲು. ನಾನು ಎದುರಿಗೆ ಕೂತು ತಿನ್ನಿಸ್ತೀನಿ."

ಮೇಷ್ಟ್ರು ಅಂದು ಎರಡು ಬಟ್ಟಲು ತಿಂದರು. ಆ ವರ್ಷದ ಕೊನೆಯಲ್ಲಿ ಮದುವೆಯಾಯಿತು. ಮೇಯ್‌ಲಿನ್ ಗೆಳತಿಯರ ಜೊತೆ ಬಂದು ಮೀನಿನ ತಟ್ಟೆ ಖಾಲಿ ಮಾಡಿ, ಮೇಷ್ಟ್ರ ದ್ರವ್ಯರಾಶಿ ವೃದ್ಧಿಸಲಿ ಎಂದು ಎಲ್ಲರೆದುರು ಲೋಟ ಎತ್ತಿದಳು.

ಬಿಶ್ಯಾಳ ತವರಿನಿಂದ ಕರ್ಪೂರದ ಮರದ ದೊಡ್ಡದೊಂದು ಬೀರು ಬಂತು. ಹೊತ್ತು ತಂದವರು ಅದನ್ನು ಕೋಣೆಯ ನಡುಮಧ್ಯದಲ್ಲಿ ಇಳಿಸಿ ಹೋದರು. ಅತ್ತೆಗೆ ಅದು ಗೋಡೆಯ ಬದಿಗೆ ಹೋಗಬೇಕು, ಕಿಟಕಿಗೆ ಅಡ್ಡವಿಟ್ಟರೆ ಮನೆಗೆ ಬರುವ ಅದೃಷ್ಟ ಹೊರಗೇ ನಿಲ್ಲುತ್ತದೆ. ಸೊಸೆಗೆ ಅದು ಕಿಟಕಿಯ ಬದಿಗೇ ಹೋಗಬೇಕು, ಗೋಡೆಗೆ ತೇವವಿದೆ, ಮರ ಕೊಳೆಯುತ್ತದೆ. ಮೇಷ್ಟ್ರು ಶಾಲೆಯಿಂದ ಬಂದಾಗ ಬೀರುವಿನ ಒಂದು ಕಡೆ ಅಮ್ಮ, ಇನ್ನೊಂದು ಕಡೆ ಹೆಂಡತಿ, ಇಬ್ಬರೂ ಸೊಂಟಕ್ಕೆ ಬಟ್ಟೆ ಬಿಗಿದು ತಳ್ಳುತ್ತಿದ್ದರು. ಬೀರು ಇದ್ದಲ್ಲೇ ಇತ್ತು.

ಆ ಮನುಷ್ಯನಿಗೆ ಆಗಲೂ ಬುದ್ಧಿ ಬರಲಿಲ್ಲ. "ಇದು ಎಷ್ಟು ಒಳ್ಳೇ ಉದಾಹರಣೆ ನೋಡಿ!" ಎಂದರು ಬಾಗಿಲಲ್ಲೇ ನಿಂತು. "ಇಬ್ಬರದೂ ಬಲ ಇದೆ, ಬೇಕಾದಷ್ಟಿದೆ. ಆದ್ರೆ ಎದುರುಬದುರು. ನಿವ್ವಳ ಸೊನ್ನೆ. ಬೆವರು ಬರುತ್ತೆ, ಬೀರು ಹೊರಡಲ್ಲ."

ಬೀರುವಿನ ಎರಡೂ ಬದಿಯಿಂದ ಎರಡು ಮುಖ ಹೊರಗೆ ಬಂದವು.

"ನೀನು ಯಾವ ಕಡೆ ತಳ್ತೀಯೋ?" ಎಂದರು ಅಮ್ಮ.

"ಹೌದು, ಹೇಳಿ. ಯಾವ ಕಡೆ?" ಎಂದಳು ಬಿಶ್ಯಾ.

ನಿವ್ವಳ ಸೊನ್ನೆಯಿದ್ದಾಗ ಒಂದು ಕಡೆಗೆ ಬರೀ ಬೆರಳು ಒತ್ತಿದರೂ ಏನಾಗುತ್ತದೆಂದು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸೋಯಾ ಹಾಲು ಮುಗಿದಿರಬೇಕು, ತರುತ್ತೇನೆ ಎಂದು ಬಂದ ದಾರಿಯಲ್ಲೇ ಹೊರಟರು.

ಬೀರು ಎಷ್ಟೋ ದಿನ ಕೋಣೆಯ ನಡುವೆಯೇ ನಿಂತಿತ್ತು. ಅದನ್ನು ಸುತ್ತಿಬಳಸಿ ಓಡಾಡುವುದು ಮೂವರಿಗೂ ಅಭ್ಯಾಸವಾಯಿತು. ಮೇಷ್ಟ್ರು ಕತ್ತಲಲ್ಲಿ ಅದಕ್ಕೆ ಢಿಕ್ಕಿ ಹೊಡೆದು ಹಣೆ ಊದಿಸಿಕೊಂಡದ್ದೂ ಉಂಟು. ಒಂದು ಸಂಜೆ ಮನೆಗೆ ಬಂದು ನೋಡುತ್ತಾರೆ, ಬೀರು ಕಿಟಕಿಯ ಬದಿಗೂ ಅಲ್ಲದೆ ಗೋಡೆಯ ಬದಿಗೂ ಅಲ್ಲದೆ, ಮೂಲೆಯಲ್ಲಿ ಅಡ್ಡವಾಗಿ, ಅಲ್ಲೇ ಹುಟ್ಟಿದ ಹಾಗೆ ನಿಂತಿದೆ. ಅತ್ತೆ ಸೊಸೆ ಅಡುಗೆಮನೆಯಲ್ಲಿ ಒಂದೇ ಮೊರದಲ್ಲಿ ಕೈಯಿಟ್ಟು ಹಸಿಕಡಲೆ ಸುಲಿಯುತ್ತಾ ಯಾರದೋ ಮನೆಯ ವಿಷಯಕ್ಕೆ ನಗುತ್ತಿದ್ದಾರೆ.

"ಯಾರು ತಳ್ಳಿದ್ದು?" ಮೇಷ್ಟ್ರು ಕೇಳಿದರು. "ಯಾವ ಕಡೆಯಿಂದ? ಇಬ್ರೂ ಒಟ್ಟಿಗೇನಾ?"

"ಏನನ್ನ?" ಎಂದರು ಅಮ್ಮ.

"ಬೀರು."

"ಯಾವ ಬೀರು?" ಎಂದಳು ಬಿಶ್ಯಾ. "ಕೈಕಾಲು ತೊಳ್ಕೊಂಡು ಬನ್ನಿ, ಅನ್ನ ಆರುತ್ತೆ."